ಸುಂಕದ ಕಟ್ಟೆ ಬಿಟ್ಟ ಮೇಲೆ

ಮೈಸೂರು

ಪ್ರೀತಿಯ ತಂಗಿಗೆ ವಂದನೆಗಳು.

ನಿನ್ನ ಬರಹ ಓದಿದೆ. ಮಂಡ್ಯದ ಹಳ್ಳಿಗಳಲ್ಲಿ ಸಂಘದ ಸಾಲ ವಸೂಲಿ ಮಾಡುವ ಕೆಲಸ ಬಿಟ್ಟು ಮನೆಯಲ್ಲಿದ್ದೀಯ. ನಿನ್ನ ಹಾಗೇ ಕೆಲಸ ಇಲ್ಲದೆ ಕೂತವರಿಗೆ ಧೈರ್ಯ ಹೇಳಬೇಕು ಅಂತ ಬರೆದಿದ್ದೀಯ. ಒಳ್ಳೆಯದೇ. ಆದರೆ ಮೊದಲ ಪುಟದಲ್ಲಿ ಕೆಲಸ ಬಿಟ್ಟೆ, ಎರಡನೇ ಪುಟದಲ್ಲಿ ಪ್ರಾರ್ಥನೆ ಮಾಡಿದೆ, ಮೂರನೇ ಪುಟದಲ್ಲಿ ದೇವರು ದೊಡ್ಡ ಬಾಗಿಲು ತೆರೆದೇ ತೆರೆಯುತ್ತಾನೆ ಅಂತ ಮುಗಿಸಿಬಿಟ್ಟೆ. ನಿನಗಿನ್ನೂ ಕೆಲಸ ಸಿಕ್ಕಿಲ್ಲ, ಅಲ್ವಾ? ಮತ್ತೆ ಸಿಕ್ಕವರ ದನಿಯಲ್ಲಿ ಯಾಕೆ ಬರೆದೆ?

ನಿನ್ನನ್ನು ಬೈದು ಪ್ರಯೋಜನವಿಲ್ಲ. ನಮ್ಮ ಪ್ರಾರ್ಥನಾ ಕೂಟಗಳಲ್ಲಿ ಸಾಕ್ಷಿ ಹೇಳುವ ರೂಢಿಯೇ ಹಾಗೆ. ಕಷ್ಟ ಬಂತು, ಮೊಣಕಾಲೂರಿದೆ, ಕಷ್ಟ ಹೋಯಿತು. ಕಷ್ಟ ಹೋದವರು ಮಾತ್ರ ಎದ್ದು ನಿಲ್ಲುತ್ತಾರೆ. ಹೋಗದವರು ಹಿಂದಿನ ಬೆಂಚಿನಲ್ಲಿ ಕೂತು 'ಆಮೆನ್' ಅನ್ನುತ್ತಾರೆ. ನಿನ್ನ ಓದುಗರು ಆ ಬೆಂಚಿನಲ್ಲಿದ್ದಾರೆ. ನೀನೂ ಸದ್ಯ ಅಲ್ಲೇ ಇದ್ದೀಯ. ಅಲ್ಲಿಂದಲೇ ಬರೆ.

ಲೂಕನ ಸುವಾರ್ತೆಯ 5ನೇ ಅಧ್ಯಾಯ ತೆಗೆ. ತೆರಿಗೆ ವಸೂಲಿ ಮಾಡುವ ಲೇವಿ ಸುಂಕದ ಕಟ್ಟೆಯಲ್ಲಿ ಕೂತಿದ್ದಾನೆ. ಯೇಸು ಕರೆದ ಕೂಡಲೇ ಎಲ್ಲಾ ಬಿಟ್ಟು ಎದ್ದು ಹೋಗುತ್ತಾನೆ. ಆಮೇಲೆ ಮನೆಯಲ್ಲಿ ದೊಡ್ಡ ಔತಣ. ಈ ಭಾಗದ ಮೇಲೆ ಎಷ್ಟೊಂದು ಪ್ರಸಂಗ ಕೇಳಿದ್ದೇವೆ. ಆದರೆ ಔತಣದ ಮಾರನೇ ದಿನ ಏನಾಯಿತು? ಮುಂದಿನ ತಿಂಗಳು ಆ ಮನೆ ಹೇಗೆ ನಡೆಯಿತು? ಮನೆಯವರು ಏನಂದರು? ಲೂಕ ಅದನ್ನು ಹೇಳುವುದಿಲ್ಲ, ಅವನಿಗೆ ಬೇರೆ ಹೇಳುವುದಿತ್ತು. ನೀನು ಶುರು ಮಾಡಬೇಕಾದದ್ದು ಆ ಮಾರನೇ ದಿನದಿಂದ.

ಅಂದರೆ ಭಾನುವಾರ ಆರಾಧನೆ ಮುಗಿದ ಮೇಲೆ ಗೇಟಿನ ಹತ್ತಿರ 'ಈಗ ಎಲ್ಲಿ ಕೆಲಸ?' ಅಂತ ಕೇಳುವವರು. ಕಾಣಿಕೆ ಚೀಲ ಪಕ್ಕಕ್ಕೆ ಬಂದಾಗ ಕೈ ಏನು ಮಾಡುತ್ತದೆ ಅನ್ನುವುದು. ಮಂಡ್ಯದಿಂದ ಮೈಸೂರಿಗೆ ಇಂಟರ್‌ವ್ಯೂಗೆ ಬಂದು, ಹಿಂದಿನ ಕೆಲಸ ಯಾಕೆ ಬಿಟ್ಟಿರಿ ಅಂತ ಕೇಳಿದಾಗ ಬಾಯಿಗೆ ಬರುವ ಅರ್ಧ ಸುಳ್ಳು. ಇವೆಲ್ಲ ನಿನಗೆ ಗೊತ್ತಿದೆ, ಬರಹದಲ್ಲಿ ಒಂದೂ ಇಲ್ಲ. 'ನಾನು ಬಹಳ ನೊಂದಿದ್ದೆ' ಅಂತ ಮಾತ್ರ ಇದೆ.

ಯೆರೆಮೀಯ 29:11 ಹಾಕಿದ್ದೀಯ, ನಿಮಗೆ ಒಳ್ಳೆಯ ಭವಿಷ್ಯ ಕೊಡುವ ಯೋಚನೆ ನನ್ನದು ಅಂತ ದೇವರು ಹೇಳುವ ಮಾತು. ಕೆಲಸ ಹೋದವರಿಗೆಲ್ಲ ವಾಟ್ಸಾಪ್‌ನಲ್ಲಿ ಬರುವ ವಚನ ಅದು. ಅದರ ಹಿಂದಿನ ವಚನ ನೋಡಿದ್ದೀಯಾ? ಬಾಬೆಲಿಗೆ ಸೆರೆಹೋದವರಿಗೆ ಕಳಿಸಿದ ಪತ್ರ ಅದು. ವಾಪಸ್ ಕರೆತರುವುದು 70 ವರ್ಷ ಆದ ಮೇಲೆ ಅಂತ ಅಲ್ಲೇ ಬರೆದಿದೆ. ಅಲ್ಲಿಯವರೆಗೆ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಫಲ ತಿನ್ನಿ ಅಂತಲೂ ಇದೆ. ಮೋಸ ಮಾಡುವ ಪ್ರವಾದಿಗಳಿಗೆ ಕಿವಿಗೊಡಬೇಡಿ ಅಂತಲೂ ಇದೆ. ವಚನ ಬಳಸಬೇಡ ಅನ್ನುತ್ತಿಲ್ಲ. ಅಕ್ಕಪಕ್ಕದ ವಚನಗಳನ್ನೂ ಜೊತೆಗೆ ಕರೆದುಕೊಂಡು ಬಾ. ಆಗ ಕಾಯುವವರಿಗೆ ಅದು ಇನ್ನೂ ಜಾಸ್ತಿ ಒದಗುತ್ತದೆ.

ನನ್ನನ್ನು ಕೇಳಿದರೆ ಮತ್ತಾಯ 20 ತೆಗೆದುಕೋ ಅನ್ನುತ್ತೇನೆ. ಯೇಸು ಹೇಳಿದ ಕಥೆ ಅದು: ಸಂಜೆ ಐದು ಗಂಟೆಗೂ ಪೇಟೆಯಲ್ಲಿ ನಿಂತಿರುವ ಕೂಲಿಯವರು. ತೋಟದ ಯಜಮಾನ ಬಂದು ಯಾಕೆ ಸುಮ್ನೆ ನಿಂತಿದ್ದೀರಿ ಅಂದರೆ, ನಮ್ಮನ್ನು ಯಾರೂ ಕರೆಯಲಿಲ್ಲ ಅನ್ನುತ್ತಾರೆ. ಯಜಮಾನ ಅವರಿಗೆ ಸೋಮಾರಿತನದ ಬಗ್ಗೆ ಉಪದೇಶ ಮಾಡುವುದಿಲ್ಲ. ತೋಟಕ್ಕೆ ಕಳಿಸಿ, ಇಡೀ ದಿನದ ಕೂಲಿ ಕೊಡುತ್ತಾನೆ. ಇದನ್ನು ಮೈಸೂರಿನಲ್ಲೋ ಮಂಡ್ಯದಲ್ಲೋ ಬೆಳಗ್ಗೆ ಬುತ್ತಿ ಹಿಡಿದು ರಸ್ತೆ ಬದಿ ನಿಲ್ಲುವವರಿಗೆ ವಿವರಿಸುವ ಅಗತ್ಯವೇ ಇಲ್ಲ.

ಈಗ ನೀನು ಮುಟ್ಟದೇ ಬಿಟ್ಟ ವಿಷಯಕ್ಕೆ ಬರುತ್ತೇನೆ. ಮ್ಯಾನೇಜರ್ ನಿನಗೆ ಟಾರ್ಗೆಟ್ ಹೇಳಿ ಎಲ್ಲರೆದುರು ಅವಮಾನ ಮಾಡಿದ್ದನ್ನು ಬರೆದೆ. ಆ ಟಾರ್ಗೆಟ್ ಹಿಡಿದು ನೀನು ಯಾರ ಬಾಗಿಲಲ್ಲಿ ನಿಂತೆ? ಕಂತು ಕಟ್ಟದ ಹೆಂಗಸಿನ ಮನೆ ಮುಂದೆ ಕತ್ತಲಾಗುವವರೆಗೆ ಕೂತದ್ದನ್ನು ಫೋನಿನಲ್ಲಿ ನನಗೆ ಹೇಳಿದ್ದೆ. ಬರಹದಲ್ಲಿ ಅವಳು ಕಾಣೆ. ಇಂಥ ಕಿರುಕುಳ ತಡೆಯುವುದಕ್ಕೇ 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆ ತಂದಿತು. ಅಷ್ಟು ಜನ ಹಳ್ಳಿ ಬಿಟ್ಟು ಓಡಿದ್ದರು. ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಅಂದ ಸುಂಕದವನು ಜಕ್ಕಾಯ; ನೀನು ಜಕ್ಕಾಯನಲ್ಲ, ಹಾಗೆ ಕೊಡುವುದಕ್ಕೆ ನಿನ್ನ ಹತ್ತಿರ ಏನೂ ಇಲ್ಲ. ಆದರೆ ನೊಂದವಳು ನೀನೊಬ್ಬಳೇ ಅನ್ನುವ ಹಾಗೆ ಬರೆದರೆ ಅದು ಪೂರ್ತಿ ನಿಜವಲ್ಲ. ಅವಳ ಹೆಸರು, ಊರು ಬೇಡ. ಕಂಪನಿ ಹೆಸರೂ ಬೇಡ, ಸೇಡು ತೀರಿಸಿಕೊಳ್ಳುವ ಬರಹ ಆಗುತ್ತದೆ. ಆ ಸಂಜೆ ಮಾತ್ರ ಬೇಕು.

ಹಾಗೇ, ಕೆಲಸ ಬಿಡಲಾಗದವರನ್ನು ಕೀಳು ಮಾಡಬೇಡ. ನಿನ್ನ ಜೊತೆಗಿದ್ದ ಹುಡುಗಿಯರು ಇನ್ನೂ ಅಲ್ಲೇ ಇದ್ದಾರೆ, ಅವರ ಸಂಬಳದಲ್ಲಿ ಮನೆ ನಡೆಯುತ್ತಿದೆ. ಸ್ನಾನಿಕ ಯೋಹಾನ ಸುಂಕದವರಿಗೆ ಕೆಲಸ ಬಿಡಿ ಅನ್ನಲಿಲ್ಲ, ಗೊತ್ತು ಮಾಡಿದ್ದಕ್ಕಿಂತ ಹೆಚ್ಚು ಕೇಳಬೇಡಿ ಅಂದ. ಬಿಟ್ಟವಳಿಗೆ ಲೇವಿ, ಉಳಿದವರಿಗೆ ಯೋಹಾನ. ಇಬ್ಬರಿಗೂ ನಿನ್ನ ಬರಹದಲ್ಲಿ ಜಾಗ ಇರಲಿ.

ಸಂಬಳ, ಕಂತು, ಬಾಡಿಗೆ ಅಂತ ಬರೆದರೆ ಆತ್ಮಿಕ ಬರಹ ಆಗುವುದಿಲ್ಲ ಅಂತ ಯಾರೋ ಹೇಳಿದರಂತೆ. ತಲೆ ಕೆಡಿಸಿಕೊಳ್ಳಬೇಡ. ಇದೇ ಮೈಸೂರಿನಿಂದ ವೆಸ್ಲಿಯನ್ ಮಿಷನ್‌ನವರು 19ನೇ ಶತಮಾನದಲ್ಲೇ 'ವೃತ್ತಾಂತ ಪತ್ರಿಕೆ' ಹೊರಡಿಸಿದರು. ಮಿಷನ್ನಿನ ಪತ್ರಿಕೆಯಾದರೂ ಲೋಕದ ಸುದ್ದಿಯೂ ಅದರಲ್ಲಿ ಬರುತ್ತಿತ್ತು. ನಮ್ಮ ಕ್ರೈಸ್ತ ಬರಹ ಬರೀ ಪ್ರಸಂಗವಾದದ್ದು ಆಮೇಲಿನ ಕಥೆ ಅಂತ ನನ್ನ ಅನುಮಾನ.

ಕೊನೆ ಹೇಗೆ ಮಾಡಲಿ ಅಂತ ಕೇಳಿದ್ದೀಯ. 88ನೇ ಕೀರ್ತನೆ ಕತ್ತಲಲ್ಲೇ ನಿಲ್ಲುತ್ತದೆ. ಅದನ್ನು ಸತ್ಯವೇದದಿಂದ ಯಾರೂ ತೆಗೆದುಹಾಕಲಿಲ್ಲ. ನಿನಗೆ ಗೊತ್ತಿರುವಷ್ಟಕ್ಕೆ ನಿಲ್ಲಿಸು.

ಇನ್ನು ಬರಹದ ಆಚೆಯ ಮಾತು. ಬರವಣಿಗೆಯಿಂದ ಮನೆ ನಡೆಯುತ್ತದೆ ಅಂದುಕೊಳ್ಳಬೇಡ, ನನ್ನದೂ ನಡೆದಿಲ್ಲ. ಮಕ್ಕಳಿಗೆ ಟ್ಯೂಷನ್ ಹೇಳುವುದಕ್ಕೆ ನಾಚಿಕೆ ಬೇಡ, ಪೌಲನೇ ಕೊರಿಂಥದಲ್ಲಿ ಗುಡಾರ ಮಾಡಿ ಹೊಟ್ಟೆ ಹೊರೆದುಕೊಂಡ. ಕೆಲಸದಿಂದ ಬಿಡುಗಡೆ ಮಾಡಿದ್ದಕ್ಕೆ ಕಂಪನಿ ಕೊಡುವ ರಿಲೀವಿಂಗ್ ಲೆಟರ್ ಇನ್ನೂ ಕೊಟ್ಟಿಲ್ಲ ಅಂದೆ, ಇಮೇಲ್‌ನಲ್ಲಿ ಕೇಳು, ದಾಖಲೆ ಉಳಿಯುತ್ತದೆ. ಪಿಎಫ್‌ನ ಯುಎಎನ್ ನಂಬರ್ ಬರೆದಿಟ್ಟುಕೋ, ಹೊಸ ಕೆಲಸಕ್ಕೂ ಅದೇ ನಂಬರ್. ರಾತ್ರಿ ನಿದ್ದೆ ಬರುತ್ತಿಲ್ಲ, ಆ ಮನೆಗಳೇ ಕಣ್ಣಮುಂದೆ ಬರುತ್ತವೆ ಅಂದಿದ್ದೀಯ. ಪ್ರಾರ್ಥನೆ ಮಾಡು, ಜೊತೆಗೆ 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್ ಅಂತ, ಮನಸ್ಸಿನ ಆರೋಗ್ಯದ ಸಹಾಯವಾಣಿ, ಸರ್ಕಾರದ್ದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಈ ವಾರವೇ ಮಾಡು, ಬರಹ ತಡವಾದರೂ ಪರವಾಗಿಲ್ಲ.

ಅಮ್ಮನಿಗೆ ನನ್ನ ವಂದನೆ ಹೇಳು.

ಇಂತಿ,
ನಿನ್ನ ಅಕ್ಕ