ಬಿಸಿಲೇರುವ ಮೊದಲು ಮ್ಯಾಚ್ ಮುಗಿಸಿ

ಸಂಪಾದಕರೇ,

ಮಾರ್ಚ್ ಬಂತೆಂದರೆ ರಾಯಚೂರಿನ ಬಿಸಿಲು ಹೇಗಿರುತ್ತದೆ ಅಂತ ನಿಮ್ಮ ಓದುಗರಿಗೆ ಹೇಳಬೇಕಿಲ್ಲ. ಕಾಲೇಜು ಹುಡುಗಿಯರ ಸಾಫ್ಟ್‌ಬಾಲ್ (ಬೇಸ್‌ಬಾಲ್ ತರಹದ ಆಟ) ಪಂದ್ಯ ಇಡುವುದು ಆಗಲೇ. ಬೆಳಿಗ್ಗೆ ಉದ್ಘಾಟನೆ, ಹಾರ, ಶಾಲು, ಭಾಷಣ ಮುಗಿದು ಮೊದಲ ಬಾಲ್ ಬೀಳುವಷ್ಟರಲ್ಲಿ ನೆತ್ತಿ ಸುಡುತ್ತಿರುತ್ತದೆ. ಅತಿಥಿಗಳಿಗೆ ಶಾಮಿಯಾನ. ಆಡುವವರಿಗೆ ಬೇವಿನ ಮರ, ಅದೂ ಇದ್ದರೆ.

ನನ್ನ ಮಗಳು ಟೀಮಿನ ಕ್ಯಾಚರ್, ಅಂದರೆ ಬ್ಯಾಟ್ ಮಾಡುವವರ ಹಿಂದೆ ಬಾಲ್ ಹಿಡಿಯುವವಳು. ತಲೆಗೆ ಹೆಲ್ಮೆಟ್, ಮುಖಕ್ಕೆ ಜಾಲರಿ, ಎದೆಗೆ ಪ್ಯಾಡ್, ಕಾಲಿಗೆ ಗಾರ್ಡ್. ಇಷ್ಟೆಲ್ಲ ಕಟ್ಟಿಕೊಂಡು ಕುಕ್ಕರಗಾಲಲ್ಲಿ ಕೂತು ಏಳು ಇನ್ನಿಂಗ್ಸ್ ಬಾಲ್ ಹಿಡಿಯಬೇಕು. ಹೋದ ಸಲ ಪ್ಯಾಡ್ ಬಿಚ್ಚಿದಾಗ ಬೆನ್ನ ಮೇಲೆ ಪಟ್ಟಿ ಇದ್ದ ಕಡೆಯೆಲ್ಲ ಬೆವರುಸಾಲೆ ಎದ್ದಿತ್ತು. ಅಲ್ಯೂಮಿನಿಯಂ ಬ್ಯಾಟಂತೂ ಮುಟ್ಟುವ ಹಾಗಿಲ್ಲ, ಒದ್ದೆ ಟವೆಲ್ ಸುತ್ತಿ ಇಡುತ್ತಾರೆ.

ಮಗಳು ಮೊಬೈಲಿನಲ್ಲಿ ಅಮೆರಿಕದ ಕಾಲೇಜು ಮ್ಯಾಚ್ ನೋಡುತ್ತಾಳೆ. ಅವರದು ಉಲ್ಟಾ ಕಷ್ಟ. ಸೀಸನ್ ಶುರುವಾಗುವುದು ಫೆಬ್ರವರಿಯಲ್ಲಿ, ಆಗ ಉತ್ತರದ ರಾಜ್ಯಗಳಲ್ಲಿ ಇನ್ನೂ ಹಿಮ. ಚಳಿಗೆ ಬಾಲ್ ಎಸೆಯುವ ಪಿಚರ್‌ನ ಬೆರಳು ಮರಗಟ್ಟುತ್ತವೆ. ಬಾಲ್ ಬ್ಯಾಟಿಗೆ ತಾಗಿದರೆ ಅಂಗೈ ಜುಮ್ಮೆನ್ನುತ್ತದೆ, ಕಾಂಪೋಸಿಟ್ (ಕಾರ್ಬನ್ ಫೈಬರಿನ) ಬ್ಯಾಟು ಬಿರುಕು ಬಿಡುವುದೂ ಉಂಟು. ಹಾಗಂತ ಹುಡುಗಿಯರನ್ನು ಸುಮ್ನೆ ಹಿಮದಲ್ಲಿ ನಿಲ್ಲಿಸುವುದಿಲ್ಲ. ಒಳಾಂಗಣದಲ್ಲಿ ಪ್ರಾಕ್ಟೀಸ್ ಮಾಡಿಸುತ್ತಾರೆ. ಮೊದಲ ವಾರಗಳ ಮ್ಯಾಚ್‌ಗೆ ಫ್ಲೋರಿಡಾ, ಅರಿಜೋನಾ, ಕ್ಯಾಲಿಫೋರ್ನಿಯಾ ಕಡೆ ಕರೆದೊಯ್ಯುತ್ತಾರೆ. ಊರಲ್ಲಿ ಹಿಮ ಕರಗಿ ನೆಲ ಒಣಗಿದ ಮೇಲೆ ಅಲ್ಲಿನ ಮ್ಯಾಚ್. ಅಷ್ಟಕ್ಕೂ ಈ ಆಟ ಹುಟ್ಟಿದ್ದೇ 1887ರ ನವೆಂಬರಿನಲ್ಲಿ, ಶಿಕಾಗೋದ ಒಂದು ಕ್ಲಬ್ಬಿನ ಹಾಲ್ ಒಳಗೆ.

ನಮಗೆ ಫ್ಲೋರಿಡಾ ಬೇಡ, ನವೆಂಬರ್‌ನಿಂದ ಜನವರಿವರೆಗೆ ಹಿತವಾದ ಹವೆ ಇಲ್ಲೇ ಇದೆ. ಆಗ ಪಂದ್ಯ ಇಡಿ. ಪರೀಕ್ಷೆ ಅಡ್ಡ ಬರುತ್ತದೆ ಅಂದರೆ ಬೆಳಿಗ್ಗೆ ಆರೂವರೆಗೆ ಶುರು ಮಾಡಿ, ಹತ್ತಕ್ಕೆ ನಿಲ್ಲಿಸಿ, ಉಳಿದದ್ದನ್ನು ಮರುದಿನ ಆಡಿಸಿ. ಏಪ್ರಿಲ್, ಮೇ ತಿಂಗಳಲ್ಲಿ ಕಲ್ಯಾಣ ಕರ್ನಾಟಕದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಫ್ಯಾನ್ ಕೆಳಗೆ ಕೂರುವವರ ಮೇಲಿರುವ ಕಾಳಜಿ ಬಯಲಲ್ಲಿ ಓಡುವವರ ಮೇಲೂ ಇರಬೇಕಲ್ವಾ? ಭಾಷಣವನ್ನು ಬಹುಮಾನ ಕೊಡುವ ದಿನ ಸಂಜೆಗೆ ಇಟ್ಟುಕೊಳ್ಳಿ, ಎಷ್ಟು ಉದ್ದವಾದರೂ ಇರಲಿ. ಇನ್ನಿಂಗ್ಸ್ ನಡುವೆ ಕ್ಯಾಚರ್ ಹೆಲ್ಮೆಟ್ ತೆಗೆದು ಒಂದು ಲೋಟ ಮಜ್ಜಿಗೆ ಕುಡಿಯುವಷ್ಟು ಹೊತ್ತು ಕೊಡಿ.

ಇನ್ನು ಬಟ್ಟೆ ವಿಷಯ. ನಾನು ಟೈಲರ್. ಮಕ್ಕಳಿಗೆ ಕೊಟ್ಟಿರುವುದು ದಪ್ಪ ಪಾಲಿಯೆಸ್ಟರ್ ಪ್ಯಾಂಟ್, ಅದೂ ಕಪ್ಪು ಬಣ್ಣ. ಆರಿಸಿದವರು ಒಂದು ಮಧ್ಯಾಹ್ನ ಹಾಕಿಕೊಂಡು ನೋಡಲಿ. ಕಾಲೇಜಿನವರು ತಿಳಿ ಬಣ್ಣದ, ಗಾಳಿಯಾಡುವ ಬಟ್ಟೆ ತಂದುಕೊಟ್ಟರೆ ಇಡೀ ಟೀಮಿಗೆ ಕೂಲಿ ಇಲ್ಲದೆ ಹೊಲಿದುಕೊಡುತ್ತೇನೆ. ಅಳತೆ ಹೇಗೂ ನನ್ನ ಹತ್ತಿರವೇ ಇದೆ.

— ಆಟಗಾರ್ತಿಯೊಬ್ಬಳ ತಾಯಿ, ರಾಯಚೂರು