ದೇವರ ಒಪ್ಪಿಗೆ, ನಮ್ಮ ಸಹಿ

ಮಾನ್ಯ ಸಂಪಾದಕರೇ,

ದೇವರು ಸರ್ವಶಕ್ತ ಎಂದಮೇಲೆ ಮನುಷ್ಯನ ಸ್ವಂತ ಇಚ್ಛೆ ಎಂಬುದೇ ಇಲ್ಲ, ಅವನು ಆಡಿಸಿದಂತೆ ಆಡುವವರು ನಾವು ಎಂದು ಓದುಗರೊಬ್ಬರು ನಿಮ್ಮ ಪತ್ರಿಕೆಗೆ ಬರೆದಿದ್ದರು. ಭಕ್ತಿಯಿಂದ ಬರೆದ ಪತ್ರ. ನಾನೂ ಭಕ್ತನೇ. ಆದರೂ ಆ ಮಾತನ್ನು ಒಪ್ಪಲಾರೆ. ಅದನ್ನು ನಂಬಿದವರು ಏನು ಕಳೆದುಕೊಳ್ಳುತ್ತಾರೆಂದು ಕಣ್ಣಾರೆ ಕಂಡಿದ್ದೇನೆ.

ನಾನು ಚಳ್ಳಕೆರೆಯಲ್ಲಿ ಪತ್ರ ಬರಹಗಾರ. ಕ್ರಯಪತ್ರ, ವಿಭಾಗಪತ್ರ, ಹಕ್ಕು ಬಿಡುಗಡೆ ಪತ್ರ ಬರೆದೇ ಹೊಟ್ಟೆ ಹೊರೆದವನು. ಯಾವ ಪತ್ರವೇ ಇರಲಿ, 'ಯಾರ ಒತ್ತಾಯವೂ ಇಲ್ಲದೆ ಸ್ವಇಚ್ಛೆಯಿಂದ ಬರೆದುಕೊಟ್ಟಿದ್ದು' ಎಂಬ ಸಾಲು ಬರೆಯದೆ ಮುಗಿಸುವುದಿಲ್ಲ. 1872ರ ಕರಾರು ಕಾಯ್ದೆಯೂ ಅದನ್ನೇ ಹೇಳುತ್ತದೆ. ಹೆದರಿಸಿ, ಮೋಸ ಮಾಡಿ ಪಡೆದದ್ದು ಸ್ವತಂತ್ರ ಒಪ್ಪಿಗೆಯಲ್ಲ.

ಕೆಲವು ವರ್ಷಗಳ ಹಿಂದೆ ಅಣ್ಣನೊಬ್ಬ ತಂಗಿಯನ್ನು ಕರೆತಂದ. ತಂದೆತಾಯಿ ಇಲ್ಲ, ಮಕ್ಕಳಿಬ್ಬರೇ. ನಾಲ್ಕು ಎಕರೆ ಶೇಂಗಾ ಹೊಲದಲ್ಲಿ ಆಕೆ ತನ್ನ ಪಾಲು ಬಿಟ್ಟುಕೊಡಬೇಕು. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳಿರುವುದು ಆಕೆಗೆ ಗೊತ್ತಿತ್ತು. 'ನಿನ್ನ ಇಷ್ಟದಿಂದಲೇ ಬಿಡ್ತಿದೀಯ ಅಂತ ಬರೆದೀನಿ, ಓದಿ ನೋಡವ್ವ' ಎಂದೆ. 'ನಂದೇನೈತೆ ಸ್ವಾಮೇರೆ, ಅಮ್ಮ ಬಲಗಡೆ ಹೂ ಕೊಟ್ಟವಳೆ' ಎಂದಳು. ಹಿಂದಿನ ದಿನ ಗುಡಿಯಲ್ಲಿ ಅಪ್ಪಣೆ ಕೇಳಿದ್ದರಂತೆ; ದೇವಿಯ ಮೇಲಿನ ಹೂ ಬಲಕ್ಕೆ ಬಿದ್ದರೆ ಒಪ್ಪಿಗೆ ಎಂದರ್ಥ. ಏನಂತ ಕೇಳಿದಿರಿ ಎಂದು ವಿಚಾರಿಸಿದೆ. 'ತಂಗಿ ಪಾಲು ಬಿಡೋದು ಒಳ್ಳೇದಾದರೆ ಬಲಕ್ಕೆ ಕೊಡು ತಾಯಿ' ಎಂದು ಕೇಳಿದವನು ಅಣ್ಣ. ತಂಗಿಯನ್ನು ಯಾರೂ ಏನೂ ಕೇಳಿರಲಿಲ್ಲ. ಆ ದಿನ ಪತ್ರವನ್ನು ನೋಂದಣಿಗೆ ಕೊಡಲಿಲ್ಲ. ಮನೆಗೆ ಹೋಗಿ ಯೋಚನೆ ಮಾಡಿ ಬಾ ಎಂದು ಕಳಿಸಿದೆ. ಅಣ್ಣನಿಗೆ ಸಿಟ್ಟು ಬಂತು.

ಹೂ ಕೇಳುವುದನ್ನು ನಾನು ಹೀಗಳೆಯುತ್ತಿಲ್ಲ. ನಮ್ಮ ಸೀಮೆಯಲ್ಲಿ ಬೋರ್ ಕೊರೆಸುವುದಕ್ಕೂ, ಸಂಬಂಧ ಬೆಳೆಸುವುದಕ್ಕೂ ಕೇಳುತ್ತಾರೆ. ನಾನೂ ಕೇಳಿದ್ದೇನೆ. ಆದರೆ ಎಲ್ಲವೂ ಮೊದಲೇ ತೀರ್ಮಾನವಾಗಿದ್ದರೆ ಕೇಳುವುದಾದರೂ ಯಾಕೆ? ಈ ದಾರಿಯನ್ನೂ ಹಿಡಿಯಬಲ್ಲೆ, ಆ ದಾರಿಯನ್ನೂ ಹಿಡಿಯಬಲ್ಲೆ ಎಂದಿರುವವನು ಮಾತ್ರ ಗುಡಿಯ ಮುಂದೆ ಕೂತು ಕೇಳಿಯಾನು.

ವೇದಾಂತದ ಮೂಲಗ್ರಂಥವಾದ ಬ್ರಹ್ಮಸೂತ್ರದ ವಾದವೂ ಇದೇ ಜಾಡಿನದು. ಜೀವ ಕರ್ತೃವಲ್ಲದಿದ್ದರೆ, ಅಂದರೆ ತಾನೇ ಮಾಡುವವನಲ್ಲದಿದ್ದರೆ, ಇದು ಮಾಡು, ಇದು ಬೇಡ ಎನ್ನುವ ಶಾಸ್ತ್ರಕ್ಕೇ ಅರ್ಥವಿಲ್ಲ ಎನ್ನುತ್ತದೆ. ಸ್ವಲ್ಪ ಮುಂದೆ, ಆ ಕರ್ತೃತ್ವ ಬಂದದ್ದು ಪರಮಾತ್ಮನಿಂದ ಎಂದೂ ಹೇಳುತ್ತದೆ. ಆ ಮಾತಿಗೆ ಬರೆದ ಭಾಷ್ಯದಲ್ಲಿ ರಾಮಾನುಜರು ಕೊಟ್ಟ ಉದಾಹರಣೆ ಓದಿದಾಗ ನನ್ನ ಮೇಜಿನ ಮೇಲಿನ ಕಾಗದವನ್ನೇ ನೋಡಿದಂತಾಯಿತು. ಇಬ್ಬರಿಗೆ ಸೇರಿದ ಆಸ್ತಿ. ಅದನ್ನು ಒಬ್ಬ ಮೂರನೆಯವನಿಗೆ ಕೊಡಬೇಕಾದರೆ ಇನ್ನೊಬ್ಬನ ಅನುಮತಿ ಬೇಕು. ಆದರೆ ಆ ಅನುಮತಿ ಪಡೆದದ್ದು ಮೊದಲಿನವನ ಪ್ರಯತ್ನದಿಂದ, ಹಾಗಾಗಿ ಫಲವೂ ಅವನದೇ. ಜಂಟಿ ಖಾತೆ ಎಂದರೆ ಏನೆಂದು ತಿಳಿದ ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದೇವರ ಒಪ್ಪಿಗೆಯಿಲ್ಲದೆ ನನ್ನ ಕೈಬೆರಳೂ ಅಲ್ಲಾಡದು. ಆದರೂ ವ್ಯವಹಾರಕ್ಕೆ ಮೊದಲು ಹೊರಟವನು ನಾನು.

ಗೀತೆಯ ಹದಿನೆಂಟನೆಯ ಅಧ್ಯಾಯದ 61ನೆಯ ಶ್ಲೋಕವನ್ನು ಈ ಚರ್ಚೆಯಲ್ಲಿ ಎಲ್ಲರೂ ಎತ್ತುತ್ತಾರೆ. ಈಶ್ವರನು ಎಲ್ಲರ ಹೃದಯದಲ್ಲಿದ್ದು ಯಂತ್ರದ ಮೇಲೆ ಕೂರಿಸಿದಂತೆ ತಿರುಗಿಸುತ್ತಾನೆ ಎಂಬುದು ಅದು. ಎರಡು ಶ್ಲೋಕ ದಾಟಿದರೆ ಅದೇ ಕೃಷ್ಣ ಅರ್ಜುನನಿಗೆ, ಇದನ್ನೆಲ್ಲ ಪೂರ್ತಿ ವಿಚಾರಮಾಡಿ ನಿನಗೆ ಇಷ್ಟಬಂದಂತೆ ಮಾಡು ಎನ್ನುತ್ತಾನೆ. ಮೊದಲನೆಯದನ್ನು ಹೇಳಿ ಎರಡನೆಯದನ್ನು ಬಿಡುವುದು ಸರಿಯಲ್ಲ.

ಪಾಲುದಾರನಾದ ದೇವರು ಕೆಟ್ಟ ವ್ಯವಹಾರಕ್ಕೂ ಯಾಕೆ ಒಪ್ಪುತ್ತಾನೆ, ತಡೆಯಬಹುದಿತ್ತಲ್ಲ ಎಂದು ಕೇಳಬಹುದು. ಕಷ್ಟದ ಪ್ರಶ್ನೆಯೇ. ನನ್ನ ಕಸುಬು ಕಲಿಸಿದ್ದನ್ನು ಹೇಳುತ್ತೇನೆ: ಬೇರೆಯವರು ಕೈ ಹಿಡಿದು ಒತ್ತಿಸಿದ ಹೆಬ್ಬೆಟ್ಟಿಗೆ ಬೆಲೆಯಿಲ್ಲ. ನಮ್ಮ ಒಳ್ಳೆಯತನವೂ ಹಾಗೆ ಒತ್ತಿಸಿಕೊಂಡದ್ದಾಗಿದ್ದರೆ ಅದನ್ನು ನಮ್ಮದೆನ್ನಲು ಬಾರದು. ಶಕ್ತಿಯಿದ್ದೂ ಕೈ ಹಿಡಿಯದಿರುವುದರಿಂದ ದೇವರು ಚಿಕ್ಕವನಾಗುವುದಿಲ್ಲ. ಮಳೆ ಹೋಗಿ ಬೆಳೆ ಒಣಗಿದವನ ಸಂಕಟಕ್ಕೆ ಇದು ಉತ್ತರವಲ್ಲ, ಅದು ಬೇರೆಯೇ ದುಃಖ. ಬರಕ್ಕೆ ಹೆಸರಾದ ಈ ತಾಲ್ಲೂಕಿನಲ್ಲೇ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗಳು ಜನರನ್ನು ಸೇರಿಸಿ ಕೆರೆ ಕಟ್ಟಿಸಿದರು. 'ಮಾಡಿದಷ್ಟು ನೀಡು ಭಿಕ್ಷೆ' ಎಂದರು, ಅಂದರೆ ಮಾಡಿದ ಕೆಲಸಕ್ಕೆ ತಕ್ಕಷ್ಟು ಫಲ. ಶಿವನಿಚ್ಛೆ ಎಂದು ಅವರೂ ಸುಮ್ಮನೆ ಕೂರಬಹುದಿತ್ತು.

ಆ ತಂಗಿ ಮತ್ತೆ ಬಂದಳು. ಒಂದೆಕರೆ ತನಗಿಟ್ಟುಕೊಂಡು ಇನ್ನೊಂದೆಕರೆ ಅಣ್ಣನಿಗೆ ಬಿಡುತ್ತೇನೆ ಎಂದಳು. ಪೂರ್ತಿ ಇಟ್ಟುಕೊಳ್ಳಲಿ ಎಂದು ನನ್ನ ಮನಸ್ಸಿನಲ್ಲಿತ್ತು, ಹೇಳಲಿಲ್ಲ. ಪತ್ರವನ್ನು ಒಂದೊಂದೇ ಅಕ್ಷರ ಓದಿ ಸಹಿ ಮಾಡಿದಳು.

ಗುಡಿಯ ಪೂಜಾರರಲ್ಲಿ, ಊರ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ. ಹೆಣ್ಣುಮಕ್ಕಳ ಪಾಲಿನ ವಿಚಾರವನ್ನು ದಯವಿಟ್ಟು ಹೂವಿಗೆ ಒಪ್ಪಿಸಬೇಡಿ. ಕೇಳಲೇಬೇಕು ಎನಿಸಿದರೆ, ಪ್ರಶ್ನೆಯನ್ನು ಆ ಹೆಣ್ಣುಮಗಳೇ ಕೇಳಲಿ.

– ಪತ್ರ ಬರಹಗಾರ, ಚಳ್ಳಕೆರೆ, ಚಿತ್ರದುರ್ಗ ಜಿಲ್ಲೆ