ಲಿಕೋನಿ ದಡದ ಕಂಡಕ್ಟರಣ್ಣನಿಗೆ

ಕೆನ್ಯಾದ ಮೊಂಬಾಸಾದ ಲಿಕೋನಿಯಲ್ಲಿ ದಾರಿ ತೋರಿಸಿ, ಹೆಸರೂ ಹೇಳದೆ ಗಾಡಿ ಏರಿಹೋದ ಮಟಾಟು (ಅಲ್ಲಿನ ಬಾಡಿಗೆ ವ್ಯಾನು) ಕಂಡಕ್ಟರಣ್ಣಾ, ತುಂಬಾ ಧನ್ಯವಾದ. ನೀವು ಹೇಳಿದ್ದು ಮುಂದೆ ಹೋಗುವವರಿಗೂ ಬೇಕು.

ಮೊಂಬಾಸಾ ದ್ವೀಪದಿಂದ ಲಿಕೋನಿಗೆ ಫೆರಿಯಲ್ಲಿ ನಡೆದು ದಾಟುವವರಿಗೆ ಟಿಕೆಟ್ ಇಲ್ಲ. ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಆಚೆ ದಡದಲ್ಲಿ ಉಕುಂಡಾ ಊರಿಗೆ ಮಟಾಟು, ಅಲ್ಲಿಂದ ಡಯಾನಿ ಬೀಚಿಗೆ ಟುಕ್‌ಟುಕ್. 14 ಸೀಟು ತುಂಬದೆ ಮಟಾಟು ಸಾಮಾನ್ಯವಾಗಿ ಕದಲುವುದಿಲ್ಲ, ಹಾಗಾಗಿ ಮುಕ್ಕಾಲು ತುಂಬಿದ್ದನ್ನೇ ಹತ್ತಿ. ದರವನ್ನು ಪಕ್ಕದಲ್ಲಿ ಕೂತವರಿಂದ ತಿಳಿದುಕೊಂಡು ಚಿಲ್ಲರೆ ಕೊಡಿ. ಇಳಿಯುವಾಗ ‘ನಶುಕಾ ಹಪಾ’ ಅಂದರೆ ಸಾಕು, ಇಲ್ಲಿ ಇಳೀತೀನಿ ಅಂತ.

ದೊಡ್ಡ ಉಪಕಾರವೆಂದರೆ ಆ ಗಡಿಯಾರದ ಪಾಠ. ಅಲ್ಲಿನ ಸ್ವಾಹಿಲಿ ಭಾಷೆಯಲ್ಲಿ ಗಂಟೆಯ ಎಣಿಕೆ ಬೆಳಗಿನ ಆರರಿಂದ ಶುರು: ‘ಸಾ ಮೋಜಾ’, ಅಂದರೆ ಒಂದು ಗಂಟೆ, ನಮ್ಮ ಲೆಕ್ಕದಲ್ಲಿ ಬೆಳಿಗ್ಗೆ 7. (ನಮ್ಮ ಹಿರಿಯರ ಘಳಿಗೆ ಲೆಕ್ಕವೂ ಸೂರ್ಯೋದಯದಿಂದಲೇ ಅಲ್ಲವೇ!) ಲುಂಗಾಲುಂಗಾ ಗಡಿ ದಾಟಿ ಟಾಂಜಾನಿಯಾದ ಟಾಂಗಾಕ್ಕೆ ಹೋಗುವ ಬಸ್ಸು ‘ಸಾ ಮ್ಬಿಲಿ’ಗೆ (ಎರಡು ಗಂಟೆಗೆ) ಎಂದರೆ ಅದು ಬೆಳಿಗ್ಗೆ 8ಕ್ಕೆ. ಮಧ್ಯಾಹ್ನ 2ಕ್ಕೆ ಬಂದವರಿಗೆ ಧೂಳಷ್ಟೇ. ಅನುಮಾನವಿದ್ದರೆ 6 ಕೂಡಿಸಿ, ‘ಅಸುಬುಹಿ?’ ಎಂದು ಕೇಳಿ, ಬೆಳಿಗ್ಗೆಯೋ ಅಂತ.

ಗಡಿಯಾಚೆಯೂ ದುಡ್ಡಿಗೆ ಶಿಲ್ಲಿಂಗ್ ಎಂದೇ ಹೆಸರು, ಬೆಲೆ ಬೇರೆ. ಅಲ್ಲಿ ಬಸ್ ಚಾರ್ಜಿಗೆ ಬೇಕಾದಷ್ಟನ್ನೇ ಬದಲಾಯಿಸಿ ಎಂದ ನಿಮ್ಮ ಬುದ್ಧಿಮಾತಿಗೂ ಋಣಿ.